ಮುಂದಿನ ಭಾನುವಾರ ಯಾರು? ಕೋಚ್ ಯಾಕೆ ಬಾಯಿ ಬಿಡುವುದಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕನ್ ಫುಟ್‌ಬಾಲ್ ಬಗ್ಗೆಯೇ ಇದ್ದವು, ಅದರಲ್ಲೂ ಒಂದೇ ವಿಷಯದ ಸುತ್ತ: ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ತಂಡದ ಆಟ ನಡೆಸುವವನನ್ನು) ಯಾವಾಗ ಆಡಿಸಬೇಕು? ಬೇರೆ ಆಟಗಳ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ನೋಡಲು ಶುರು ಮಾಡಿ ಎರಡು ವರ್ಷ ಆಯ್ತು. ಡ್ರಾಫ್ಟ್‌ನ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮದ) ಮೊದಲ ಸುತ್ತಿನಲ್ಲೇ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸುತ್ತಾರೆ, ಅಭಿಮಾನಿಗಳು ಕುಣಿದಾಡುತ್ತಾರೆ. ಆಮೇಲೆ ಪ್ರತಿ ವಾರ ಪ್ರೆಸ್‌ಮೀಟ್‌ನಲ್ಲಿ ಕೇಳಿದರೆ ಕೋಚ್ "ನೋಡೋಣ, ಇನ್ನೂ ವಿಡಿಯೊ ನೋಡಬೇಕು" ಅನ್ನುತ್ತಾರೆ. ಹುಡುಗ ಆಡುತ್ತಾನೆ ಅಥವಾ ಆಡುವುದಿಲ್ಲ ಅಂತ ಹೇಳಲು ಏನು ಕಷ್ಟ?

ಉತ್ತರ: ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ಆದರೂ ಆ ಕೋಚ್‌ಗಳ ಮೇಲೆ ನಿಮಗಿರುವಷ್ಟು ಸಿಟ್ಟು ನನಗಿಲ್ಲ. "ಇನ್ನು ಮುಂದೆ ಇವನೇ ನಮ್ಮ ಕ್ವಾರ್ಟರ್‌ಬ್ಯಾಕ್" ಅಂತ ಒಂದು ಸಲ ಹೇಳಿಬಿಟ್ಟರೆ ಆ ಮಾತನ್ನು ಸುಮ್ನೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ತೆಗೆದುಕೊಂಡರೆ ಹುಡುಗನ ಧೈರ್ಯವೂ ಹೋಯಿತು, ಕೋಚ್ ಮೇಲೆ ತಂಡಕ್ಕಿದ್ದ ನಂಬಿಕೆಯೂ ಹೋಯಿತು.

2017ರ ಬಫಲೊ ಬಿಲ್ಸ್ ಕಥೆ ಕೇಳಿ. ತಂಡ 5 ಗೆದ್ದು 4 ಸೋತಿತ್ತು, ತೀರಾ ಕೆಟ್ಟದೇನಲ್ಲ. ನ್ಯೂ ಆರ್ಲಿಯನ್ಸ್ ಕೈಯಲ್ಲಿ 47-10ರಿಂದ ಏಟು ತಿಂದ ಮೇಲೆ ಕೋಚ್ ಶಾನ್ ಮೆಕ್‌ಡರ್ಮಾಟ್ ಅನುಭವಿ ಟೈರಾಡ್ ಟೇಲರ್ ಅವರನ್ನು ಬೆಂಚ್‌ಗೆ ಕಳಿಸಿ, ಐದನೇ ಸುತ್ತಿನಲ್ಲಿ ಆರಿಸಿದ್ದ ರೂಕಿ (ಮೊದಲ ವರ್ಷದ ಆಟಗಾರ) ನೇಥನ್ ಪೀಟರ್‌ಮನ್ ಅವರನ್ನು ಇಳಿಸಿದರು. ಎದುರಿಗೆ ಚಾರ್ಜರ್ಸ್ ತಂಡ. ಮೊದಲರ್ಧ ಮುಗಿಯುವಷ್ಟರಲ್ಲಿ 5 ಇಂಟರ್‌ಸೆಪ್ಶನ್! ಎಸೆದ ಚೆಂಡು ಐದು ಸಲ ಎದುರಾಳಿಯ ಕೈಗೇ ಹೋಯಿತು. ದ್ವಿತೀಯಾರ್ಧಕ್ಕೆ ಟೇಲರ್ ವಾಪಸ್ ಬಂದರು, ಪಂದ್ಯ 54-24ಕ್ಕೆ ಸೋತರು, ಮುಂದಿನ ವಾರವೂ ಟೇಲರ್ ಅವರೇ ಆಡಿದರು. ತಮಾಷೆ ಅಂದರೆ ಅದೇ ಬಿಲ್ಸ್ ಆ ವರ್ಷ ಪ್ಲೇಆಫ್‌ಗೆ ಹೋಯಿತು, 1999ರ ಸೀಸನ್ ಆದ ಮೇಲೆ ಮೊದಲ ಸಲ. ಕೋಚ್ ಬಚಾವಾದರು. ಪೀಟರ್‌ಮನ್ ಹೆಸರು ಕೇಳಿದರೆ ಮಾತ್ರ ಇವತ್ತಿಗೂ ಜನಕ್ಕೆ ನೆನಪಾಗುವುದು ಆ ಅರ್ಧ ಪಂದ್ಯವೇ. ಇದನ್ನು ನೋಡಿದ ಯಾವ ಕೋಚ್ ಆದರೂ ಮೈಕ್ ಮುಂದೆ ಎರಡು ಸಲ ಯೋಚನೆ ಮಾಡುತ್ತಾರೆ, ಅಲ್ವಾ?

ಟೀವಿಯಲ್ಲಿ ಕಾಣದ ಇನ್ನೊಂದು ಕಾರಣವೂ ಇದೆ, ಅಭ್ಯಾಸದ ಲೆಕ್ಕ. ಭಾನುವಾರ ಪಂದ್ಯ ಇದ್ದರೆ ವಾರದ ಗಂಭೀರ ಅಭ್ಯಾಸ ಶುರುವಾಗುವುದು ಬುಧವಾರ. ಮೊದಲ ತಂಡದ ಜೊತೆ ಸಿಗುವ ಅಭ್ಯಾಸದ ಸರದಿಗಳು ಎಣಿಸಿದಷ್ಟೇ, ಅದರಲ್ಲಿ ಬಹುಪಾಲು ಪಂದ್ಯ ಶುರು ಮಾಡುವ ಕ್ವಾರ್ಟರ್‌ಬ್ಯಾಕ್‌ಗೇ ಹೋಗುತ್ತವೆ. ಎರಡನೆಯವನು ಏನು ಮಾಡುತ್ತಾನೆ ಗೊತ್ತಾ? ಸ್ಕೌಟ್ ಟೀಮ್‌ನಲ್ಲಿ ನಿಂತು ಮುಂದಿನ ಎದುರಾಳಿಯ ಪ್ಲೇಗಳನ್ನು (ಮೊದಲೇ ಗೊತ್ತು ಮಾಡಿಕೊಂಡ ಆಟದ ನಡೆಗಳನ್ನು) ನಟಿಸಿ ತೋರಿಸುತ್ತಾನೆ, ತನ್ನ ತಂಡದ ಡಿಫೆನ್ಸ್‌ಗೆ (ಎದುರಾಳಿಯನ್ನು ತಡೆಯುವವರಿಗೆ) ಅಭ್ಯಾಸವಾಗಲಿ ಅಂತ. ಅಂದರೆ ಇಡೀ ವಾರ ಅವನು ಬೇರೆಯವರ ಆಟ ಆಡುತ್ತಿರುತ್ತಾನೆ. ಸರದಿಗಳನ್ನು ಇಬ್ಬರಿಗೂ ಅರ್ಧರ್ಧ ಹಂಚಿದರೆ ಭಾನುವಾರಕ್ಕೆ ಇಬ್ಬರೂ ಅರೆಬೆಂದವರೇ. ಹಾಗಾಗಿ ಕೋಚ್ ನಮಗೆ ಏನೂ ಹೇಳದಿದ್ದರೂ ಒಳಗೆ ಬುಧವಾರವೇ ತೀರ್ಮಾನ ಮಾಡಿರುತ್ತಾರೆ, ಮಾಡಲೇಬೇಕು.

ಪ್ರಶ್ನೆ: ಕಾಲೇಜಿನಲ್ಲಿ ಮೂರು-ನಾಲ್ಕು ವರ್ಷ ತುಂಬಿದ ಸ್ಟೇಡಿಯಂ ಮುಂದೆ ಆಡಿ ಬಂದ ಹುಡುಗನಿಗೆ ಹೊಸದಾಗಿ ಕಲಿಯುವುದು ಏನಿರುತ್ತದೆ? ಚೆಂಡು ಅದೇ, ಮೈದಾನ ಅದೇ.

ಉತ್ತರ: ಎಸೆಯುವುದು ಅವನಿಗೆ ಗೊತ್ತು, ಬಿಡಿ. ಎಸೆಯುವ ಮುಂಚಿನ 40 ಸೆಕೆಂಡ್ ನೋಡಿ.

ಒಂದು ಪ್ಲೇ ಮುಗಿದ ತಕ್ಷಣ ಗಡಿಯಾರ 40ರಿಂದ ಇಳಿಯಲು ಶುರು. ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಕೋಚ್ ಧ್ವನಿ ಬರುತ್ತದೆ: ಯಾರು ಎಲ್ಲಿ ನಿಲ್ಲಬೇಕು, ಯಾರು ಜಾಗ ಬದಲಿಸಬೇಕು, ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಹೇಗೆ, ಚೆಂಡು ಹಿಡಿಯುವವರು ಯಾವ ದಾರಿಯಲ್ಲಿ ಓಡಬೇಕು, ಎಲ್ಲವೂ ಒಂದೇ ಉಸಿರಿನಲ್ಲಿ, ಸಂಕೇತದ ಪದಗಳಲ್ಲಿ. ಹುಡುಗ ಅದನ್ನು ಕೇಳಿಸಿಕೊಂಡು ಹಡಲ್‌ನಲ್ಲಿ (ಪ್ಲೇಗೆ ಮುಂಚೆ ಆಟಗಾರರು ಗುಂಪಾಗಿ ಸೇರುವ ಜಾಗದಲ್ಲಿ) ಹತ್ತು ಜನಕ್ಕೆ ತಪ್ಪಿಲ್ಲದೆ ಹೇಳಬೇಕು. ಗಡಿಯಾರ 15ಕ್ಕೆ ಬಂತೋ, ಸ್ಪೀಕರ್ ಬಂದ್. ನಿಯಮವೇ ಹಾಗಿದೆ. ಆಮೇಲೆ ಅವನೊಬ್ಬನೇ. ಚೆಂಡು ಇಟ್ಟಿರುವ ಗೆರೆ ಹತ್ತಿರ ಬಂದು ಎದುರಿನ ಡಿಫೆನ್ಸ್ ನೋಡಿ, ಬೆರಳು ತೋರಿಸಿ "ಇವನೇ ಮೈಕ್" ಅಂತ ಒಬ್ಬ ಲೈನ್‌ಬ್ಯಾಕರ್‌ನನ್ನು (ಡಿಫೆನ್ಸ್‌ನ ಮುಂಸಾಲಿನ ಹಿಂದೆ ನಿಲ್ಲುವವನನ್ನು) ಗುರುತಿಸಿ ಕೂಗಬೇಕು; ಇಲ್ಲಿ ಮೈಕ್ ಅಂದರೆ ಎಣಿಕೆ ಶುರು ಮಾಡಲು ಆರಿಸಿಕೊಂಡ ಎದುರಾಳಿ. ಮುಂದಿರುವ ತನ್ನ ತಂಡದ ಐದು ಜನ ಯಾರು ಯಾರನ್ನು ತಡೆಯಬೇಕು ಅನ್ನುವ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಎಣಿಕೆ ತಪ್ಪಿದರೆ ಒಬ್ಬ ಎದುರಾಳಿಯನ್ನು ಯಾರೂ ಹಿಡಿಯುವುದಿಲ್ಲ, ಅವನು ನೇರ ಬಂದು ಹುಡುಗನ ಪಕ್ಕೆಲುಬಿಗೆ ಗುದ್ದುತ್ತಾನೆ.

ಕಾಲೇಜಿನ ಎಷ್ಟೋ ತಂಡಗಳಲ್ಲಿ ಹಡಲ್ಲೇ ಇರುವುದಿಲ್ಲ. ಎಲ್ಲರೂ ಸೈಡ್‌ಲೈನ್ ಕಡೆ ತಿರುಗಿ ನಿಲ್ಲುತ್ತಾರೆ, ಅಲ್ಲಿ ಯಾರೋ ಚಿತ್ರ ಅಂಟಿಸಿದ ಬೋರ್ಡ್ ಎತ್ತುತ್ತಾರೆ ಅಥವಾ ಕೈಸನ್ನೆ ಮಾಡುತ್ತಾರೆ, ಆಟ ಮುಂದುವರಿಯುತ್ತದೆ. ಅಲ್ಲಿಂದ ಬಂದ ಹುಡುಗನಿಗೆ ಹತ್ತು ಜನರ ಮುಂದೆ ನಿಂತು ಅಷ್ಟುದ್ದದ ವಾಕ್ಯ ಒಪ್ಪಿಸುವುದೇ ಹೊಸ ಕೆಲಸ. ಇದು ಅಭಿಮಾನಿಗೆ ಕಾಣುವುದಿಲ್ಲ, ಕೋಚ್‌ಗೆ ದಿನಾ ಕಾಣುತ್ತದೆ.

ಪ್ರಶ್ನೆ: ಹಾಗಾದರೆ ಮೊದಲ ವರ್ಷ ಪೂರ್ತಿ ಬೆಂಚ್ ಮೇಲೆ ಕೂರಿಸುವುದೇ ಒಳ್ಳೆಯದಾ?

ಉತ್ತರ: ಕೂರಿಸಿ ಅನ್ನುವವರು ತಕ್ಷಣ ಪ್ಯಾಟ್ರಿಕ್ ಮಹೋಮ್ಸ್ ಹೆಸರು ಹೇಳುತ್ತಾರೆ. ಸರಿಯೇ. 2017ರಲ್ಲಿ 10ನೇ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಬಂದರು. ಕೋಚ್ ಆ್ಯಂಡಿ ರೀಡ್ ಮಹೋಮ್ಸ್ ಅವರನ್ನು ಅನುಭವಿ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿದರು. ಆಡಿಸಿದ್ದು ಒಂದೇ ಪಂದ್ಯ, ಸೀಸನ್‌ನ ಕೊನೆಯದು, ಡೆನ್ವರ್‌ನಲ್ಲಿ. ಅದರಲ್ಲೂ ಕೊನೆಗೆ ಅವರನ್ನು ಹೊರಗೆ ಕರೆಸಿದ್ದರು, ಪಂದ್ಯ ಸಮವಾದಾಗ ಮತ್ತೆ ಒಳಗೆ ಕಳಿಸಿದರು, 27-24ಕ್ಕೆ ಗೆಲ್ಲಿಸಿಕೊಟ್ಟರು. ಮರುವರ್ಷ 50 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ), ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಗ್ರೀನ್ ಬೇ ತಂಡ ಏರನ್ ರಾಜರ್ಸ್ ಅವರನ್ನು 2005ರಿಂದ ಮೂರು ಸೀಸನ್ ಬ್ರೆಟ್ ಫಾರ್ವ್ ಹಿಂದೆ ಕೂರಿಸಿತ್ತು.

ನೀರಿಗೆ ಇಳಿಯದೆ ಈಜು ಬರುವುದಿಲ್ಲ ಅನ್ನುವವರ ಹತ್ತಿರ ಪೇಟನ್ ಮ್ಯಾನಿಂಗ್ ಇದ್ದಾರೆ. 1998ರಲ್ಲಿ ಮೊದಲ ಪಂದ್ಯದಿಂದಲೇ ಆಡಿ 28 ಇಂಟರ್‌ಸೆಪ್ಶನ್ ಎಸೆದರು, ರೂಕಿಗಳಲ್ಲಿ ಅದು ದಾಖಲೆ. ತಂಡ ಗೆದ್ದದ್ದು 3, ಸೋತದ್ದು 13. ಆಮೇಲೆ ಅವರು ಲೀಗ್‌ನ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬರಾದರು.

ನನಗೆ ಇವರೆಲ್ಲರಿಗಿಂತ ಜಾಸ್ತಿ ಕಾಡುವುದು ಡೇವಿಡ್ ಕಾರ್. 2002ರ ಮೊದಲ ಆಯ್ಕೆ. ಹೂಸ್ಟನ್ ಟೆಕ್ಸನ್ಸ್ ತಂಡಕ್ಕೂ ಅದೇ ಮೊದಲ ಸೀಸನ್, ಮುಂದೆ ನಿಂತು ಕಾಯಬೇಕಾದ ಆಫೆನ್ಸಿವ್ ಲೈನ್ ಬರೀ ಹೆಸರಿಗೆ. ಆ ಒಂದು ವರ್ಷದಲ್ಲಿ ಕಾರ್ ಅವರನ್ನು 76 ಸಲ ಸ್ಯಾಕ್ ಮಾಡಿದರು. ಚೆಂಡು ಕೈಯಲ್ಲಿ ಇರುವಾಗಲೇ 76 ಸಲ ನೆಲಕ್ಕೆ! ಆ ದಾಖಲೆ ಇನ್ನೂ ಹಾಗೇ ಇದೆ. ಐದು ಸೀಸನ್ ಆದ ಮೇಲೆ ತಂಡ ಅವರನ್ನು ಕೈಬಿಟ್ಟಿತು. ಹೀಗೆ ಏಟು ತಿಂದವನು ಆಮೇಲೆ ಚೆಂಡು ಎಸೆಯುವ ಕಡೆ ನೋಡುವುದಿಲ್ಲ, ಮೈಮೇಲೆ ಬರುವವರನ್ನು ನೋಡುತ್ತಾನೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹುಡುಗನನ್ನು ಆಮೇಲೆ ನೋಡಿ, ಮೊದಲು ಅವನ ಮುಂದಿರುವ ಐದು ಜನರನ್ನು ನೋಡಿ. ಅವರು ಗಟ್ಟಿ ಇದ್ದರೆ ಇಳಿಸಿ. ಇಲ್ಲದಿದ್ದರೆ ಕೋಚ್ ಎಷ್ಟು ತಡ ಮಾಡಿದರೂ ನಾನು ಬೈಯುವುದಿಲ್ಲ.

ಪ್ರಶ್ನೆ: ಕೋಟಿಗಟ್ಟಲೆ ಕೊಟ್ಟು ಬೆಂಚ್ ಮೇಲೆ ಕೂರಿಸಿದರೆ ಮಾಲೀಕರು ಸುಮ್ಮನಿರುತ್ತಾರಾ?

ಉತ್ತರ: ಈಗ ಮೊದಲಿನಷ್ಟು ಕೊಡುವುದಿಲ್ಲ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಆಗಿತ್ತು. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಹಾಕುವ ನಿಯಮ ಬಂತು, ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಈಗ ಮೊದಲ ಸುತ್ತಿನವರಿಗೆ ನಾಲ್ಕು ವರ್ಷ, ತಂಡ ಬಯಸಿದರೆ ಐದನೆಯದು. ಆದರೆ ಅಗ್ಗ ಆದ ಮೇಲೆಯೇ ಅವಸರ ಜಾಸ್ತಿಯಾಗಿದೆ. ಹುಡುಗ ಕಡಿಮೆ ಸಂಬಳಕ್ಕೆ ಇರುವಷ್ಟು ದಿನ ಉಳಿದ ದುಡ್ಡಿನಲ್ಲಿ ಒಳ್ಳೆ ತಂಡ ಕಟ್ಟಬಹುದು, ಒಂದು ವರ್ಷ ಕೂರಿಸಿದರೆ ಅಷ್ಟು ದಿನ ಹೋಯಿತು. ಮಾಲೀಕರಿಗೆ ನಾಲ್ಕು ವರ್ಷದ ಚಿಂತೆ, ಕೋಚ್‌ಗೆ ಈ ಭಾನುವಾರದ ಚಿಂತೆ. ಎತ್ತು ಏರಿಗೆ, ಕೋಣ ನೀರಿಗೆ.

2016ರಲ್ಲಿ ರ್‍ಯಾಮ್ಸ್ ತಂಡ ಮೊದಲ ಆಯ್ಕೆಯಾಗಿ ಜ್ಯಾರೆಡ್ ಗಾಫ್ ಅವರನ್ನು ತಂದಾಗ ಆಗಿದ್ದೂ ಇದೇ. ಕೋಚ್ ಜೆಫ್ ಫಿಶರ್ ಒಂಬತ್ತು ಪಂದ್ಯ ಕೇಸ್ ಕೀನಮ್ ಅವರನ್ನೇ ಆಡಿಸಿದರು. ಕೊನೆಗೂ ಗಾಫ್ ಇಳಿದರು, ಆಡಿದ 7 ಪಂದ್ಯವೂ ಸೋಲು. ಡಿಸೆಂಬರ್‌ನಲ್ಲಿ ಫಿಶರ್ ಕೆಲಸ ಹೋಯಿತು. ಮರುವರ್ಷ ಶಾನ್ ಮೆಕ್‌ವೇ ಬಂದರು, ಅದೇ ಗಾಫ್ ಜೊತೆ 11 ಪಂದ್ಯ ಗೆದ್ದರು.

ಪ್ರಶ್ನೆ: ಹುಡುಗ ಚೆನ್ನಾಗಿ ಆಡಿದ ಮೇಲೂ ಕೋಚ್ ಒಪ್ಪದಿದ್ದರೆ?

ಉತ್ತರ: ಹೂಂ, ಇದಕ್ಕೆ ಮಾತ್ರ ನನಗೂ ಸಿಟ್ಟು ಬರುತ್ತದೆ. 2020ರ ಎರಡನೇ ವಾರ. ಚಾರ್ಜರ್ಸ್ ತಂಡದ ಟೈರಾಡ್ ಟೇಲರ್ (ಹೌದು, ಅದೇ ಟೇಲರ್, ಪಾಪ!) ಪಕ್ಕೆಲುಬಿನ ನೋವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವಾಗ ತಂಡದ ಡಾಕ್ಟರ್ ಕೈತಪ್ಪಿ ಸೂಜಿ ಶ್ವಾಸಕೋಶಕ್ಕೆ ಚುಚ್ಚಿತು. ಪಂದ್ಯ ಶುರುವಾಗುವ ಹೊತ್ತಿಗೆ ರೂಕಿ ಜಸ್ಟಿನ್ ಹರ್ಬರ್ಟ್ ಅವರಿಗೆ ನೀನೇ ಆಡಬೇಕು ಅಂದರು. ಎದುರಿಗೆ ಆಗಿನ ಚಾಂಪಿಯನ್ ಕ್ಯಾನ್ಸಸ್ ಸಿಟಿ. ಹರ್ಬರ್ಟ್ 311 ಯಾರ್ಡ್ ಎಸೆದು ಪಂದ್ಯವನ್ನು ಓವರ್‌ಟೈಮ್‌ವರೆಗೆ ಎಳೆದರು, 23-20ಕ್ಕೆ ಸೋತರು. ಪಂದ್ಯ ಮುಗಿದ ಮೇಲೆ ಕೋಚ್ ಆ್ಯಂಟನಿ ಲಿನ್ ಹೇಳಿದ್ದೇನು? ಟೇಲರ್ ಹುಷಾರಾದರೆ ಅವರೇ ಆಡುತ್ತಾರೆ ಅಂತ.

ಗಾಯದಿಂದ ಯಾರೂ ಜಾಗ ಕಳೆದುಕೊಳ್ಳಬಾರದು ಅನ್ನುವುದು ಲಾಕರ್ ರೂಮಿನ ಹಳೆಯ ಮರ್ಯಾದೆ. ಲಿನ್ ಅದನ್ನು ಕಾಯಲು ನೋಡಿದರು, ಅದು ನನಗೆ ಅರ್ಥವಾಗುತ್ತದೆ. ಆದರೆ ತಂಡದ ಉಳಿದವರೂ ಅದೇ ಪಂದ್ಯ ಆಡಿದ್ದರಲ್ಲ, ಅವರಿಗೂ ಕಣ್ಣಿದೆ. ಹರ್ಬರ್ಟ್ ಆ ಜಾಗ ಮತ್ತೆ ಬಿಟ್ಟುಕೊಡಲಿಲ್ಲ, ವರ್ಷದ ಅತ್ಯುತ್ತಮ ಆಫೆನ್ಸಿವ್ ರೂಕಿ ಆದರು. ಸೀಸನ್ ಮುಗಿದ ಮೇಲೆ ಲಿನ್ ಹೊರಗೆ.

ಡಲ್ಲಸ್‌ನಲ್ಲಿ 2016ರಲ್ಲಿ ಈ ಗಂಟನ್ನು ಬಿಡಿಸಿದ್ದು ಕೋಚ್ ಅಲ್ಲ, ಟೋನಿ ರೋಮೊ. ಅವರು ಗಾಯಗೊಂಡಾಗ ನಾಲ್ಕನೇ ಸುತ್ತಿನ ಹುಡುಗ ಡ್ಯಾಕ್ ಪ್ರೆಸ್ಕಾಟ್ ಬಂದು ಸಾಲಾಗಿ ಗೆಲ್ಲುತ್ತಾ ಹೋದರು. ನವೆಂಬರ್‌ನಲ್ಲಿ ರೋಮೊ ಪತ್ರಕರ್ತರ ಮುಂದೆ ಬರೆದಿಟ್ಟುಕೊಂಡ ಹೇಳಿಕೆ ಹಿಡಿದು ಬಂದು, ಈ ಜಾಗ ಅವನು ದುಡಿದು ಗಳಿಸಿದ್ದು ಅಂತ ತಾವೇ ಒಪ್ಪಿಕೊಂಡರು. ಅಂಥ ಸೀನಿಯರ್ ಎಲ್ಲ ತಂಡಕ್ಕೂ ಸಿಗುವುದಿಲ್ಲ.

ಪ್ರಶ್ನೆ: ಕೋಚ್ ಹೇಳುವ ಮೊದಲೇ ನಮಗೆ ಗೊತ್ತಾಗುವ ದಾರಿ ಇದೆಯಾ?

ಉತ್ತರ: ಇದೆ. ಪ್ರೆಸ್‌ಮೀಟ್ ಬಿಡಿ. ಬುಧವಾರ ಅಭ್ಯಾಸದ ಮೊದಲ ಸ್ವಲ್ಪ ಹೊತ್ತು ಪತ್ರಕರ್ತರನ್ನು ಒಳಗೆ ಬಿಡುತ್ತಾರೆ, ಆಗ ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಮೊದಲು ಎಸೆಯುವವನು ಯಾರು ಅಂತ ಅವರು ಬರೆಯುತ್ತಾರೆ, ಅದನ್ನು ಓದಿ. ಆಗಸ್ಟ್ ಆದರೆ ಇನ್ನೂ ಸುಲಭ, ಆಗ ಪ್ರೀಸೀಸನ್ (ಸೀಸನ್‌ಗೆ ಮುಂಚಿನ ಅಭ್ಯಾಸ) ಪಂದ್ಯಗಳು ಇರುತ್ತವೆ. 2012ರಲ್ಲಿ ಸಿಯಾಟಲ್ ಆಗತಾನೆ ದುಡ್ಡು ಕೊಟ್ಟು ಮ್ಯಾಟ್ ಫ್ಲಿನ್ ಅವರನ್ನು ತಂದಿತ್ತು, ಮೂರನೇ ಸುತ್ತಿನ ರೂಕಿ ರಸೆಲ್ ವಿಲ್ಸನ್ ಕೂಡ ಪೈಪೋಟಿಯಲ್ಲಿ ಇದ್ದಾರೆ ಅಂತ ಕೋಚ್ ಪೀಟ್ ಕ್ಯಾರಲ್ ಹೇಳುತ್ತಲೇ ಇದ್ದರು, ಯಾರೂ ಅಷ್ಟಾಗಿ ನಂಬಿರಲಿಲ್ಲ. ಮೂರನೇ ಪ್ರೀಸೀಸನ್ ಪಂದ್ಯಕ್ಕೆ, ಅಂದರೆ ಆಗೆಲ್ಲ ಮುಖ್ಯ ಆಟಗಾರರನ್ನು ಜಾಸ್ತಿ ಹೊತ್ತು ಆಡಿಸುತ್ತಿದ್ದ ಪಂದ್ಯಕ್ಕೆ, ಮೊದಲು ಮೈದಾನಕ್ಕೆ ಇಳಿದದ್ದು ವಿಲ್ಸನ್. ಅಧಿಕೃತವಾಗಿ ಹೇಳಿದ್ದು ಅದಾದ ಮೇಲೆ.