ವಾಡುಜ್‌ಗೆ ಹೋಗಬೇಕು, ಯಾರ ಬಾಗಿಲು ತಟ್ಟಬೇಕು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಲಿಕ್ಟನ್‌ಸ್ಟೈನ್ ಕುರಿತವು. ಯುರೋಪಿನ ಈ ಪುಟ್ಟ ದೇಶದ ರಾಜಧಾನಿಯೇ ವಾಡುಜ್. ನಾಲ್ಕಕ್ಕೂ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮಗಳು, ಅಳಿಯ ವಾಡುಜ್‌ನಲ್ಲಿದ್ದಾರೆ. ಎರಡು ತಿಂಗಳು ಇದ್ದು ಬರುವ ಯೋಚನೆ ನಮ್ಮದು. ಆದರೆ ದೆಹಲಿಯಲ್ಲಿ ಲಿಕ್ಟನ್‌ಸ್ಟೈನ್ ರಾಯಭಾರ ಕಚೇರಿಯೇ ಕಾಣುತ್ತಿಲ್ಲ. ವೀಸಾ ಅರ್ಜಿ ಎಲ್ಲಿ ಹಾಕುವುದು? (ದಾವಣಗೆರೆಯಿಂದ)

ಉತ್ತರ: ಹುಡುಕುವುದು ಬೇಡ, ಅಂಥ ಕಚೇರಿ ದೆಹಲಿಯಲ್ಲಿ ಇಲ್ಲ. ತನ್ನ ಕಚೇರಿ ಇಲ್ಲದ ಕಡೆ ಲಿಕ್ಟನ್‌ಸ್ಟೈನ್ ಪರವಾಗಿ 1919ರಿಂದ ಸ್ವಿಟ್ಜರ್ಲೆಂಡ್ ಕೆಲಸ ನೋಡಿಕೊಳ್ಳುತ್ತಿದೆ. ಹಾಗಾಗಿ ನೀವು ಹಾಕಬೇಕಾದದ್ದು ಸ್ವಿಸ್ ಷೆಂಗೆನ್ ಅರ್ಜಿ (ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು). ಅದನ್ನು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಮುಂಗಡ ಸಮಯ ಪಡೆದು ಕೊಡಬಹುದು. ಬೆಂಗಳೂರಿನಲ್ಲೇ ಇರುವ ಸ್ವಿಸ್ ಕಾನ್ಸುಲೇಟ್‌ಗೆ ಮಾತ್ರ ಹೋಗಬೇಡಿ. ಅದು ವಿಜ್ಞಾನ, ಸಂಶೋಧನೆ, ನವೋದ್ಯಮಗಳ ಸಂಪರ್ಕಕ್ಕಾಗಿ ಇರುವ ಕಚೇರಿ, ವೀಸಾ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಅರ್ಜಿಯಲ್ಲಿ ಮುಖ್ಯ ಗಮ್ಯಸ್ಥಾನ ಎಂದು ಕೇಳಿದ ಕಡೆ ಲಿಕ್ಟನ್‌ಸ್ಟೈನ್ ಎಂದೇ ಬರೆಯಿರಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಕೊಡಬಹುದು, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ದಾಖಲೆಗಳ ಬಗ್ಗೆ ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಆದ್ದರಿಂದ ಎರಡು ತಿಂಗಳು ಮುಂಚೆ ಕೊಡುವುದೇ ಕ್ಷೇಮ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಷೆಂಗೆನ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ರೂಪಾಯಿಯಲ್ಲಿ ಕಟ್ಟಬೇಕು. ಕೇಂದ್ರದ ಸೇವಾಶುಲ್ಕ ಬೇರೆ.

ಎಡವುವುದು ಹೆಚ್ಚಾಗಿ ವಿಮೆಯಲ್ಲಿ. ಕನಿಷ್ಠ 30,000 ಯೂರೋ ಮೊತ್ತದ, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವ ಪಾಲಿಸಿ ಬೇಕು. ಹೊರಡುವ ದಿನ, ಮರಳುವ ದಿನ ಎರಡೂ ಅದರ ಅವಧಿಯೊಳಗೆ ಬರಬೇಕು. ಇನ್ನೊಂದು ಗೊಂದಲ ವಿಮಾನದ್ದು. ಲಿಕ್ಟನ್‌ಸ್ಟೈನ್‌ನಲ್ಲಿ ವಿಮಾನ ನಿಲ್ದಾಣವಿಲ್ಲ, ಜ್ಯೂರಿಕ್‌ನಲ್ಲಿಳಿದು ಸಾರ್ಗಾನ್ಸ್‌ವರೆಗೆ ರೈಲು, ಅಲ್ಲಿಂದ ಬಸ್. ಅಗ್ಗದ ಟಿಕೆಟ್ ಸಿಕ್ಕಿತೆಂದು ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೂ ಜರ್ಮನಿಗೆ ಅರ್ಜಿ ಹಾಕಬಾರದು. ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ. ಎರಡು ಕಡೆ ಸಮ ದಿನಗಳಾದಾಗ ಮಾತ್ರ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ನಡುವೆ ಲಂಡನ್ ನೋಡಿಕೊಂಡು ಬರುವ ಆಸೆಯಿದ್ದರೆ ಒಮ್ಮೆ ಪ್ರವೇಶದ ವೀಸಾ ಸಾಲದು. ಲಂಡನ್ ಷೆಂಗೆನ್ ಹೊರಗಿದೆ, ಅಲ್ಲಿಗೆ ಹೊರಟ ಕೂಡಲೇ ಅದು ಮುಗಿದಂತೆ.

ಪ್ರಶ್ನೆ: ಹಾಗಾದರೆ ಅವರಿಗೆ ಸ್ವಂತ ರಾಯಭಾರ ಕಚೇರಿಗಳೇ ಇಲ್ಲವೇ? (ಧಾರವಾಡದಿಂದ)

ಉತ್ತರ: ಇವೆ. ಬರ್ನ್, ವಿಯೆನ್ನಾ, ಬರ್ಲಿನ್, ಬ್ರಸೆಲ್ಸ್ ಮತ್ತು ವಾಷಿಂಗ್ಟನ್‌ನಲ್ಲಿ ರಾಯಭಾರ ಕಚೇರಿಗಳು. ನ್ಯೂಯಾರ್ಕ್ ಮತ್ತು ಜಿನೀವಾದಲ್ಲಿ ವಿಶ್ವಸಂಸ್ಥೆಗೆ ನಿಯೋಗಗಳು. ಯುರೋಪ್ ಮಂಡಳಿಗಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು. 160 ಚದರ ಕಿಲೋಮೀಟರ್ ವಿಸ್ತಾರದ, ಸುಮಾರು 40,000 ಜನರ ನಾಡು ಅದು. ದೊಡ್ಡ ದೇಶಗಳ ಹಾಗೆ ಊರೂರಿಗೆ ಕಚೇರಿ ತೆರೆಯದೆ, ನೆರೆಹೊರೆಯಲ್ಲೂ ಬಹುರಾಷ್ಟ್ರ ಸಭೆಗಳಲ್ಲೂ ತನ್ನ ದನಿ ಇರುವಂತೆ ನೋಡಿಕೊಂಡಿದೆ. 1990ರಲ್ಲಿ ವಿಶ್ವಸಂಸ್ಥೆ ಸೇರಿದ್ದು, 1995ರಲ್ಲಿ ಯುರೋಪಿಯನ್ ಆರ್ಥಿಕ ವಲಯ ಹೊಕ್ಕಿದ್ದು ಇದೇ ಲೆಕ್ಕಾಚಾರದಿಂದ. ಬಹಳ ಜಾಣ ನಡೆ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಕೆಲವು ನಗರಗಳಲ್ಲಿ ಅದಕ್ಕೆ ಗೌರವ ಕಾನ್ಸುಲ್‌ಗಳೂ ಇದ್ದಾರೆ. ಇವರು ಸಾಮಾನ್ಯವಾಗಿ ಅದೇ ಊರಿನಲ್ಲಿ ಬೇರೆ ವೃತ್ತಿಯಲ್ಲಿರುವವರು, ಪೂರ್ಣಾವಧಿ ರಾಜತಾಂತ್ರಿಕರಲ್ಲ.

ಪ್ರಶ್ನೆ: ಪದವಿ ಪ್ರಮಾಣಪತ್ರಕ್ಕೆ ಸ್ವಿಸ್ ರಾಯಭಾರ ಕಚೇರಿಯ ಮುದ್ರೆ ಬೇಕೇ? (ಮಂಗಳೂರಿನಿಂದ)

ಉತ್ತರ: ಬೇಡ. ಭಾರತ, ಲಿಕ್ಟನ್‌ಸ್ಟೈನ್ ಎರಡೂ ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿವೆ. ಅಪೋಸ್ಟಿಲ್ ಎಂದರೆ ಒಂದು ದೇಶದ ದಾಖಲೆಯನ್ನು ಒಪ್ಪಂದದ ಇತರ ದೇಶಗಳೂ ಒಪ್ಪುವಂತೆ ಹಾಕುವ ದೃಢೀಕರಣ ಮುದ್ರೆ. ಮೊದಲು ರಾಜ್ಯ ಸರ್ಕಾರದ ಸಂಬಂಧಪಟ್ಟ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಲ್ಲಿಗೆ ಮುಗಿಯಿತು. ಮೂಲಪತ್ರಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮುದ್ರೆ ಹಾಕಲು ತೊಡಕಾಗುತ್ತದೆ. ಅಲ್ಲಿನ ಆಡಳಿತ ಭಾಷೆ ಜರ್ಮನ್. ಅನುವಾದ ಕೇಳಿದರೆ ಅಪೋಸ್ಟಿಲ್ ಆದ ಮೇಲೆ ಮಾಡಿಸಿ, ಆಗ ಮುದ್ರೆಯ ಬರಹವೂ ಅನುವಾದದಲ್ಲಿ ಸೇರುತ್ತದೆ.

ಪ್ರಶ್ನೆ: ಅಲ್ಲಿ ಪಾಸ್‌ಪೋರ್ಟ್ ಕಳೆದರೆ? (ಮೈಸೂರಿನಿಂದ)

ಉತ್ತರ: ಸ್ವಿಸ್ ಕಚೇರಿಗೆ ಹೋಗಬೇಡಿ, ನಿಮಗೆ ಬೇಕಾದದ್ದು ಭಾರತದ ಕಚೇರಿ. ವಾಡುಜ್‌ನಲ್ಲಿ ಅದಿಲ್ಲ, ಬರ್ನ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯೇ ಲಿಕ್ಟನ್‌ಸ್ಟೈನನ್ನೂ ನೋಡಿಕೊಳ್ಳುತ್ತದೆ. ಮೊದಲು ಸ್ಥಳೀಯ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಆ ಪ್ರತಿ, ಫೋಟೊಗಳು, ಕಳೆದ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಹಿಡಿದು ಬರ್ನ್‌ಗೆ ಹೋಗಿ. ಕೂಡಲೇ ಮರಳುವುದಿದ್ದರೆ ತುರ್ತು ಪ್ರಮಾಣಪತ್ರ ಕೇಳಿ. ಅದು ಭಾರತಕ್ಕೆ ಒಂದು ಸಲದ ಪ್ರಯಾಣಕ್ಕೆ ಮಾತ್ರ, ಅದನ್ನಿಟ್ಟುಕೊಂಡು ಪ್ರವಾಸ ಮುಂದುವರಿಸಲಾಗದು. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಚಿತ್ರವನ್ನು ಹೊರಡುವ ಮೊದಲೇ ಮನೆಯವರಿಗೂ ಕಳಿಸಿಡಿ. ಫೋನೂ ಅದೇ ಚೀಲದಲ್ಲಿ ಹೋದರೆ ಕೈಯಲ್ಲಿ ಪಾಸ್‌ಪೋರ್ಟ್ ಸಂಖ್ಯೆಯೂ ಉಳಿಯುವುದಿಲ್ಲ.