ಶಾಫ್ಟ್ ತೂತಿನ ನೀರು: ನಟ್ ಇನ್ನೂ ಬಿಗಿಯಬೇಡಿ

ನಮಸ್ಕಾರ ಸರ್. ಕೊಲ್ಹಾರದ ಹತ್ತಿರ ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುವ ಮರದ ದೋಣಿಗೆ ಪ್ರೊಪೆಲರ್ ಶಾಫ್ಟ್ ತೂತಿನಿಂದ ನೀರು ಬರುತ್ತಿದೆ, ಶಾಫ್ಟ್ ಸುತ್ತ ನೀರು ತಡೆಯುವ ಗ್ಲ್ಯಾಂಡಿನ ನಟ್ ಎಷ್ಟು ಬಿಗಿದರೂ ನಿಲ್ಲುತ್ತಿಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಇನ್ನು ಬಿಗಿಯಬೇಡಿ.

ಅದು ಕಬ್ಬಿನ ಹೊಲದ ಪಂಪಿನ ಗ್ಲ್ಯಾಂಡ್ ಇದ್ದ ಹಾಗೇನೆ. ಒಳಗೆ ಶಾಫ್ಟ್ ಸುತ್ತ ತುರುಕಿದ ಪ್ಯಾಕಿಂಗ್ ದಾರಕ್ಕೆ ಸ್ವಲ್ಪ ನೀರಿನ ಪಸೆ ಬೇಕು, ಇಲ್ಲದಿದ್ದರೆ ಕಾದು, ಗಟ್ಟಿಯಾಗಿ, ಕೊನೆಗೆ ಶಾಫ್ಟನ್ನೇ ಕೊರೆದುಬಿಡುತ್ತದೆ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ 2-3 ಹನಿ ಬಿದ್ದರೆ ಸರಿ. ಇಂಜಿನ್ ನಿಂತಾಗ ಹನಿಯೂ ನಿಲ್ಲಬೇಕು.

ದೋಣಿಯನ್ನು ದಡಕ್ಕೆ ಎಳೆದು ಹಳೇ ದಾರ ಪೂರ್ತಿ ಕಿತ್ತು ತೆಗೆಯಿರಿ, ಸುಮ್ನೆ ಅದರ ಮೇಲೇ ಹೊಸದು ತುರುಕಬೇಡಿ. ಈಗ ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ದಾರವೂ ಜಾಸ್ತಿ ದಿನ ಬಾಳುವುದಿಲ್ಲ, ಮೊದಲು ಲೇತ್‌ನವರಿಗೆ ತೋರಿಸಿ. ದಾರವನ್ನು ಸ್ಪ್ರಿಂಗ್ ತರಹ ಸುತ್ತಬಾರದು. ಶಾಫ್ಟ್ ದಪ್ಪಕ್ಕೆ ಒಂದೊಂದೇ ಉಂಗುರ ಓರೆಯಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಸಂದಿಗೆ ಎದುರಾಗದ ಹಾಗೆ ತಿರುಗಿಸಿ ಕೂರಿಸಿ, ಗ್ರೀಸ್ ಸವರಿ, ಆಮೇಲೆ ನಟ್ ಕೈಯಲ್ಲಿ ಬಿಗಿದು ನೀರಿಗಿಳಿಸಿ, ಓಡಿಸುತ್ತಾ ಹನಿ ನೋಡಿಕೊಂಡು ಚೂರು ಚೂರೇ ತಿರುಗಿಸಿ. ಕೈ ಇಟ್ಟರೆ ಗ್ಲ್ಯಾಂಡ್ ಸುಡಬಾರದು.

ಇನ್ನೊಂದು, ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಗ್ಲ್ಯಾಂಡ್ ಸುತ್ತ ಬಟ್ಟೆಯಿಂದ ಒರೆಸಿ ಟಾರ್ಚ್ ಹಾಕಿ. ನೀರು ಶಾಫ್ಟ್ ಗುಂಟ ಬರದೆ ಗ್ಲ್ಯಾಂಡನ್ನು ಮರಕ್ಕೆ ಬೋಲ್ಟ್ ಹಾಕಿದ ಸಂದಿಯಿಂದ ಜಿನುಗುತ್ತಿದ್ದರೆ ದಾರ ಬದಲಿಸಿ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ದಡದ ಮೇಲೆ ಒಣಗಿದ ಮರ ಕುಗ್ಗಿರುತ್ತದೆ ಅಲ್ವಾ, ಒಂದೆರಡು ದಿನ ನೀರಲ್ಲಿದ್ದರೆ ಊದಿ ಮುಚ್ಚಿಕೊಳ್ಳಬಹುದು. ಆಗಲೂ ನಿಲ್ಲದಿದ್ದರೆ ದೋಣಿಯನ್ನು ಮತ್ತೆ ದಡಕ್ಕೆ ಎಳೆದು ಬೋಲ್ಟ್ ಬಿಚ್ಚಿ, ಮರ ಮೆತ್ತಗಾಗಿದೆಯಾ ಅಂತ ಚುಚ್ಚಿ ನೋಡಿ, ಸಂದಿಗೆ ನೀರು ತಡೆಯುವ ಹೊಸ ಸೀಲಂಟ್ ಹಾಕಿ ಕೂರಿಸಿ.