ಎರಡು 900 ಸೇರಿ 569 ಆಗುವುದು ಹೇಗೆ?

ನಿಮ್ಮ ಲೆಕ್ಕವನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಮೂಲಬಿಂದುವಿನಲ್ಲಿ +16 ನ್ಯಾನೊಕೂಲಂಬ್ ಆವೇಶವಿದೆ. ಎಕ್ಸ್ ಅಕ್ಷದ ಮೇಲೆ 0.3 ಮೀಟರ್ ಬಲಕ್ಕೆ −25 ನ್ಯಾನೊಕೂಲಂಬ್ ಆವೇಶವಿದೆ. ವೈ ಅಕ್ಷದ ಮೇಲೆ 0.4 ಮೀಟರ್ ಎತ್ತರದಲ್ಲಿರುವ 'ಪ' ಎಂಬ ಬಿಂದುವಿನಲ್ಲಿ ಒಟ್ಟು ವಿದ್ಯುತ್ ಕ್ಷೇತ್ರ (ಅಲ್ಲಿಟ್ಟ ಒಂದು ಕೂಲಂಬ್ ಧನಾವೇಶದ ಮೇಲೆ ಬೀಳುವ ಬಲ) ಎಷ್ಟು? ಎರಡೂ ಆವೇಶಗಳಿಂದ ತಲಾ 900 ನ್ಯೂಟನ್ ಪ್ರತಿ ಕೂಲಂಬ್ ಬಂತು, ಕೂಡಿದರೆ 1800, ಒಂದು ಋಣಾವೇಶ ಎಂದು ಕಳೆದರೆ ಸೊನ್ನೆ, ಪುಸ್ತಕದ ಉತ್ತರ ಮಾತ್ರ 569 ಎಂದು ಬರೆದಿದ್ದೀರಿ.

ನಿಮ್ಮ ಎರಡು 900ಗಳೂ ಸರಿ. ಪುಸ್ತಕದ ಉತ್ತರವೂ ಸರಿ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನಾದ್ದರಿಂದ ಈ ಗೊಂದಲ ನನಗೆ ಚೆನ್ನಾಗಿ ಪರಿಚಿತ. ಸೂತ್ರ ಬಾಯಿಗೆ ಬಂದಿರುತ್ತದೆ, ಚಿತ್ರ ಕಣ್ಣಿಗೆ ಬಂದಿರುವುದಿಲ್ಲ.

ಆದ್ದರಿಂದ ಸಂಖ್ಯೆ ಮುಟ್ಟುವ ಮೊದಲು 'ಪ' ಬಿಂದುವಿನಿಂದ ಎರಡು ಬಾಣ ಎಳೆಯಿರಿ. ಧನಾವೇಶದ ಕ್ಷೇತ್ರ ಅದರಿಂದ ದೂರ ಸಾಗುವ ದಿಕ್ಕಿನಲ್ಲಿರುತ್ತದೆ. ಮೊದಲ ಆವೇಶ 'ಪ'ದ ನೇರ ಕೆಳಗಿರುವುದರಿಂದ ಮೊದಲ ಬಾಣ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಋಣಾವೇಶದ ಕ್ಷೇತ್ರ ಅದರ ಕಡೆಗೇ ಇರುತ್ತದೆ. ಹಾಗಾಗಿ ಎರಡನೆಯ ಬಾಣ ಬಲಕ್ಕೆ ಓರೆಯಾಗಿ ಕೆಳಗಿಳಿಯುತ್ತದೆ. ಎರಡೂ ಬಾಣಗಳ ಉದ್ದ 900, ಆದರೆ ಅವು ಒಂದೇ ದಿಕ್ಕಿನಲ್ಲೂ ಇಲ್ಲ, ಪರಸ್ಪರ ನೇರ ವಿರುದ್ಧವಾಗಿಯೂ ಇಲ್ಲ. ಉತ್ತರ 0 ಮತ್ತು 1800ರ ನಡುವೆ ಎಲ್ಲೋ ಇರಲೇಬೇಕೆಂದು ಚಿತ್ರವೇ ಹೇಳಿಬಿಡುತ್ತದೆ.

ಇನ್ನು ಲೆಕ್ಕ. ಕೋನಗಳ ಸೈನ್, ಕೊಸೈನ್ ಹಿಡಿದು ಹೊರಡಬೇಡಿ. ನಾನು ಯಾವಾಗಲೂ ಹೇಳಿಕೊಡುವ ಸೂತ್ರ ಇದು:

ಕ್ಷೇತ್ರ = 9 × 10⁹ × ಆವೇಶ × (ಆವೇಶದಿಂದ ಬಿಂದುವಿಗೆ ಎಳೆದ ವೆಕ್ಟರ್, ಅಂದರೆ ಉದ್ದವೂ ದಿಕ್ಕೂ ಇರುವ ಬಾಣ) ÷ ದೂರದ ಘನ

ಕೂಲಂಬ್ ನಿಯಮದಲ್ಲಿ ದೂರದ ವರ್ಗ ತಾನೇ ಇರುವುದು, ಘನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೇಲಿರುವ ವೆಕ್ಟರಿನ ಉದ್ದವೂ ಅದೇ ದೂರ. ಅದನ್ನು ಒಮ್ಮೆ ಭಾಗಿಸಿದರೆ ದಿಕ್ಕು ಮಾತ್ರ ಉಳಿಯುತ್ತದೆ, ಆಮೇಲೆ ವರ್ಗ ಹಾಗೆಯೇ ಉಳಿದುಕೊಳ್ಳುತ್ತದೆ.

ಮೊದಲ ಆವೇಶದಿಂದ 'ಪ'ಕ್ಕೆ ವೆಕ್ಟರ್ (0, 0.4). ದೂರದ ಘನ 0.064. ಸ್ಥಿರಾಂಕವನ್ನು (9 × 10⁹) ಆವೇಶದಿಂದ (16 ನ್ಯಾನೊಕೂಲಂಬ್, ಅಂದರೆ 16 × 10⁻⁹ ಕೂಲಂಬ್) ಗುಣಿಸಿದರೆ 144. ಅದನ್ನು 0.064ರಿಂದ ಭಾಗಿಸಿದರೆ 2250. ಇದರಿಂದ ವೆಕ್ಟರನ್ನು ಗುಣಿಸಿದರೆ (0, 900).

ಎರಡನೆಯದರಲ್ಲಿ ಎಚ್ಚರ ಬೇಕು. ಬಿಂದುವಿನ ಸ್ಥಾನದಿಂದ ಆವೇಶದ ಸ್ಥಾನ ಕಳೆಯಿರಿ: (0 − 0.3, 0.4 − 0), ಅಂದರೆ (−0.3, 0.4). ದೂರ 0.5, ಘನ 0.125. ಸ್ಥಿರಾಂಕ ಮತ್ತು ಆವೇಶದ ಗುಣಲಬ್ಧ −225. ಭಾಗಿಸಿದರೆ −1800. ವೆಕ್ಟರಿಗೆ ಗುಣಿಸಿದರೆ (540, −720). ಬಲಕ್ಕೆ ಮತ್ತು ಕೆಳಕ್ಕೆ, ಚಿತ್ರದಲ್ಲಿದ್ದಂತೆಯೇ. ಋಣಾವೇಶದ ಚಿಹ್ನೆಯೇ ಬಾಣವನ್ನು ತಿರುಗಿಸಿತು. ಚಿತ್ರ ನೋಡಿ ನೀವೂ ಒಮ್ಮೆ ದಿಕ್ಕು ಬದಲಿಸಿದರೆ ಎರಡು ಸಲ ತಿರುಗಿಸಿದಂತಾಗಿ ಲೆಕ್ಕ ಕೆಡುತ್ತದೆ. ಪರೀಕ್ಷೆಯಲ್ಲಿ ಬಹಳಷ್ಟು ಅಂಕಗಳು ಸೋರಿಹೋಗುವುದು ಇಲ್ಲಿಯೇ.

ಈಗ ಎಕ್ಸ್ ಘಟಕಕ್ಕೆ ಎಕ್ಸ್, ವೈ ಘಟಕಕ್ಕೆ ವೈ ಕೂಡಿಸಿ: (540, 180). ವರ್ಗಗಳ ಮೊತ್ತ 3,24,000. ಅದರ ವರ್ಗಮೂಲ ಸುಮಾರು 569. ದಿಕ್ಕು ಎಕ್ಸ್ ಅಕ್ಷದಿಂದ ಮೇಲಕ್ಕೆ ಸುಮಾರು 18.4 ಡಿಗ್ರಿ. ಎಕ್ಸ್ ಘಟಕ ಋಣವಾಗಿ ಬರುವ ಲೆಕ್ಕಗಳಲ್ಲಿ ಕ್ಯಾಲ್ಕುಲೇಟರ್ ತೋರಿಸುವ ಕೋನಕ್ಕೆ 180 ಡಿಗ್ರಿ ಸೇರಿಸಬೇಕಾಗುತ್ತದೆ. ಆಗಲೂ ಚಿತ್ರ ನೋಡಿಯೇ ನಿರ್ಧರಿಸಿ.

ಹೀಗೆ ಕೂಡಿಸಲು ಅನುಮತಿ ಕೊಟ್ಟವರು ಯಾರು ಎಂಬುದೂ ಒಳ್ಳೆಯ ಪ್ರಶ್ನೆ. ಕೂಲಂಬ್ 1785ರಲ್ಲಿ ಪ್ರಕಟಿಸಿದ ನಿಯಮ ಎರಡು ಆವೇಶಗಳ ನಡುವಿನ ಬಲವನ್ನಷ್ಟೇ ಹೇಳುತ್ತದೆ. ಪಕ್ಕದಲ್ಲಿ ಮೂರನೆಯದು ಬಂದರೂ ಮೊದಲೆರಡರ ನಡುವಿನ ಬಲ ಬದಲಾಗುವುದಿಲ್ಲ ಎಂಬುದು ಪ್ರಯೋಗಗಳಿಂದ ಖಚಿತವಾದ ಬೇರೆಯೇ ಸಂಗತಿ. ಅದೇ ಅಧ್ಯಾರೋಪಣ ತತ್ವ. ಆವೇಶಗಳು ಮೂರಿರಲಿ, ಹತ್ತಿರಲಿ, ಪ್ರತಿಯೊಂದಕ್ಕೂ ಒಂದು ಸಾಲು ಸೇರುತ್ತದೆ, ಅಷ್ಟೇ.

ನಿಮಗೆ ಬಂದ ಸೊನ್ನೆ ನಿಜವಾಗಿ ಎಲ್ಲಿದೆ ಎಂದು ಹುಡುಕಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಎರಡು ಬಾಣಗಳು ಪೂರ್ತಿ ರದ್ದಾಗಬೇಕಾದರೆ ಉದ್ದ ಸಮನಾಗಿದ್ದರೆ ಸಾಲದು, ದಿಕ್ಕು ನೇರ ವಿರುದ್ಧವಾಗಿರಬೇಕು. ಅದು ಎರಡೂ ಆವೇಶಗಳ ಮೂಲಕ ಹಾಯುವ ರೇಖೆಯ ಮೇಲೆ ಮಾತ್ರ ಸಾಧ್ಯ. ಆವೇಶಗಳ ನಡುವೆ ಎರಡೂ ಬಾಣಗಳು ಬಲಕ್ಕೇ ಇರುವುದರಿಂದ ಅಲ್ಲಿ ಆಗದು. ಋಣಾವೇಶದ ಬಲಗಡೆ ದೊಡ್ಡ ಆವೇಶವೇ ಹತ್ತಿರ, ಅದನ್ನು ಚಿಕ್ಕದು ಸರಿಗಟ್ಟಲಾರದು. ಉಳಿದದ್ದು ಎಡಭಾಗ. ಮೂಲಬಿಂದುವಿನಿಂದ 1.2 ಮೀಟರ್ ಎಡಕ್ಕೆ ಹೋಗಿ ಲೆಕ್ಕ ಹಾಕಿ: ಧನಾವೇಶದಿಂದ ಎಡಕ್ಕೆ 100, 1.5 ಮೀಟರ್ ದೂರದ ಋಣಾವೇಶದಿಂದ ಬಲಕ್ಕೆ 100.